ಬೋರ್‌ವೆಲ್ ಪೈಪಿನಲ್ಲಿ ಮಂಚ ಮಾಡಿ, ಆದರೆ ಆ ಪೈಪನ್ನು ಬೆಂಕಿಗೆ ಹಾಕಬೇಡಿ

ಬತ್ತಿದ ಬೋರ್‌ವೆಲ್‌ನಿಂದ ಎತ್ತಿದ ಜಿಐ ಪೈಪು ನಮ್ಮ ಜಿಲ್ಲೆಯಲ್ಲಿ ಎಲ್ಲಿ ನೋಡಿದರೂ ಸಿಗುತ್ತೆ. ಹೊಳಲ್ಕೆರೆ ಕಡೆ ಅಡಿಕೆ ತೋಟದ ಬದುವಿನಲ್ಲಿ, ಹೊಸದುರ್ಗದ ಕಡೆ ತೆಂಗಿನ ಮರಕ್ಕೆ ಒರಗಿಸಿ, ಹಿರಿಯೂರು ಮತ್ತು ದುರ್ಗದ ಹೊಲಗಳಲ್ಲಿ ಪಂಪ್‌ಮನೆ ಪಕ್ಕದಲ್ಲಿ ರಾಶಿ. ಮೋಟಾರು ಇಳಿಸುವವರು ಈಗ ಹಗುರವಾದ ಪ್ಲಾಸ್ಟಿಕ್ ಪೈಪಿಗೇ ಒತ್ತಾಯ ಮಾಡ್ತಾರೆ. ಹಳೆಯ ಕಬ್ಬಿಣದ್ದು ಹಾಗೇ ಉಳಿಯುತ್ತೆ. 600 ಅಡಿಗೆ ಮೋಟಾರು ಇಳಿಸಿದ್ದ ಬೋರ್ ಅಂದರೆ 20 ಅಡಿಯ 30 ಪೈಪು. ಒಂದೂವರೆ ಇಂಚಿನ ಮೀಡಿಯಂ ಪೈಪಾದರೆ ಒಂದೊಂದೂ ಸುಮಾರು 22 ಕೆಜಿ. ಒಟ್ಟು ಆರು ಕ್ವಿಂಟಲ್ ಮೀರಿದ ಕಬ್ಬಿಣ ಮಳೆಗೆ ನೆನೆಯುತ್ತಾ ಬಿದ್ದಿದೆ.

ಇದರ ಜೊತೆಗೆ ಇನ್ನೊಂದು ಬದಲಾವಣೆ ಆಗಿದೆ. ಕೈಯಲ್ಲಿ ಎತ್ತಿಕೊಂಡು ಓಡಾಡುವಷ್ಟು ಸಣ್ಣ ವೆಲ್ಡಿಂಗ್ ಮಿಷನ್ ರೈತರ ಮನೆಗೇ ಬಂದಿದೆ. ಮೊಬೈಲಿನಲ್ಲಿ ವಿಡಿಯೊ ನೋಡಿ ಹುಡುಗರು ನವಾರದ ಮಂಚ, ಅಂಗಳಕ್ಕೆ ಬೆಂಚು, ಬೀಜದ ಚೀಲ ಇಡುವ ಸ್ಟ್ಯಾಂಡು, ಕುರಿ ರೊಪ್ಪಕ್ಕೆ ಗೇಟು ಎಲ್ಲ ತಾವೇ ಮಾಡಿಕೊಳ್ತಿದ್ದಾರೆ. ನನಗೆ ಇದು ಇಷ್ಟದ ವಿಷಯ. ಬತ್ತಿದ ಬೋರಿಗೆ ಸುರಿದ ದುಡ್ಡು ವಾಪಸ್ ಬರಲ್ಲ, ಮಲಗಲು ಒಂದು ಮಂಚವಾದರೂ ಬರಲಿ.

ನನ್ನ ತಕರಾರು ಇರುವುದು ಮಂಚದ ಮೇಲಲ್ಲ, ಮಂಚಕ್ಕೂ ಮೊದಲು ನಡೆಯುವ ಒಂದು ಕೆಲಸದ ಮೇಲೆ. ಜಿಐ ಪೈಪಿನ ಮೇಲೆ ಕಾರ್ಖಾನೆಯಲ್ಲಿ ಹಾಕಿದ ಬೂದು ಬಣ್ಣದ ಲೇಪ ಇದೆಯಲ್ಲ, ಅದನ್ನು ತೆಗೆಯಬೇಕು ಅಂತ ವಿಡಿಯೊದವರು ಹೇಳ್ತಾರೆ. ಹೇಗೆ ತೆಗೆಯೋದು ಅಂದರೆ ಒಬ್ಬ ಪೈಪನ್ನು ತೆಂಗಿನ ಮೊಟ್ಟೆ ಬೆಂಕಿಗೆ ಹಾಕ್ತಾನೆ, ಇನ್ನೊಬ್ಬ ಟಾಯ್ಲೆಟ್ ತೊಳೆಯುವ ಆಸಿಡ್ಡಿನಲ್ಲಿ ಅದ್ದುತ್ತಾನೆ. ಮೂರನೆಯವನು ಏನೂ ಮಾಡದೆ ನೇರ ವೆಲ್ಡಿಂಗ್ ಹೊಡೆದು, "ಹೊಗೆ ಬರ್ತೈತೆ, ಏನಾಗಲ್ಲ ಬಿಡ್ರಿ" ಅಂತಾನೆ. ಮೂರೂ ತಪ್ಪು. ಅದಕ್ಕಿಂತ ದೊಡ್ಡ ತಪ್ಪು ಇಡೀ ಪೈಪಿನ ಲೇಪ ತೆಗೆಯಲೇಬೇಕು ಎಂಬ ಯೋಚನೆ. ಹತ್ತರಲ್ಲಿ ಒಂಬತ್ತು ಸಲ ತೆಗೆಯುವ ಅಗತ್ಯವೇ ಇರಲ್ಲ.

ಲೇಪ ಅಲ್ಲಿ ಯಾಕಿದೆ

ಆ ಬೂದು ಲೇಪ ಬಣ್ಣ ಅಲ್ಲ, ಲೋಹ. ಸತು, ಅಂದರೆ ಜಿಂಕ್. ಕೆಲವರು ಅದನ್ನು ಕಲಾಯಿ ಅಂತಾರೆ. ಅಜ್ಜಿಯ ಕಾಲದ ತಾಮ್ರದ ಪಾತ್ರೆಗೆ ಹಾಕಿಸುತ್ತಿದ್ದ ಕಲಾಯಿ ಬೇರೆ, ಅದು ತವರ. ಇಲ್ಲಿ ಸುಮಾರು 450 ಡಿಗ್ರಿ ಕಾದ ಸತುವಿನ ದ್ರವದಲ್ಲಿ ಪೈಪನ್ನು ಮುಳುಗಿಸಿ ತೆಗೆದಿರ್ತಾರೆ. ಮುಳುಗಿಸಿದ್ದರಿಂದ ಹೊರಗೆ ಹೇಗೋ ಒಳಗೂ ಹಾಗೆಯೇ ಲೇಪ ಕೂತಿರುತ್ತೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಲೇಪದ ದಪ್ಪ ನಮ್ಮ ತಲೆಗೂದಲಿನಷ್ಟು. ಅಷ್ಟು ತೆಳುವಾದದ್ದು ಕಬ್ಬಿಣವನ್ನು ನೀರಿನಲ್ಲೂ ವರ್ಷಗಟ್ಟಲೆ ಕಾಯುವುದಕ್ಕೆ ಕಾರಣ ಇದೆ. ಗಾಳಿ ಮತ್ತು ನೀರು ಸಿಕ್ಕಾಗ ಕಬ್ಬಿಣಕ್ಕಿಂತ ಮೊದಲು ಸತು ತಾನು ಸವೆಯುತ್ತೆ. ಅಲ್ಲಲ್ಲಿ ಗೀರು ಬಿದ್ದು ಕಬ್ಬಿಣ ಕಂಡರೂ, ಪಕ್ಕದ ಸತು ಇರುವವರೆಗೆ ಆ ಗೀರಿಗೂ ತುಕ್ಕು ಬೇಗ ಹತ್ತಲ್ಲ. ಪೇಂಟಿಗೆ ಈ ಗುಣ ಇಲ್ಲ. ಪೇಂಟು ಒಂದು ಕಡೆ ಕಿತ್ತರೆ ತುಕ್ಕು ಅದರ ಅಡಿಗೆ ಹೊಕ್ಕು ಹಬ್ಬುತ್ತಾ ಹೋಗುತ್ತೆ.

ಅಂದಮೇಲೆ ಇಡೀ ಪೈಪಿನ ಸತು ತೆಗೆಯುವುದೆಂದರೆ, ದುಡ್ಡು ಕೊಟ್ಟು ತಂದ ಕಾವಲುಗಾರನನ್ನು ನಾವೇ ಕಳಿಸಿಕೊಟ್ಟ ಹಾಗೆ. ಬೆತ್ತಲೆ ಕಬ್ಬಿಣಕ್ಕೆ ಒಂದು ಮಳೆ ಸಾಕು, ಮಾರನೆಯ ದಿನ ಕೆಂಪಾಗಿರುತ್ತೆ. ಮನೆಯೊಳಗಿನ ಮಂಚಕ್ಕಾದರೆ ಹೇಗೋ ನಡೆದೀತು. ದನದ ಕೊಟ್ಟಿಗೆಯ ಕಂಬಿಗೆ, ಅಂಗಳದ ಬೆಂಚಿಗೆ, ಗಂಜಲ ನೀರು ಬೀಳುವ ಜಾಗದ ಗೇಟಿಗೆ ನಡೆಯಲ್ಲ.

ಹಾಗಾದರೆ ತೆಗೆಯಬೇಕು ಅಂತ ಯಾಕೆ ಹೇಳ್ತಾರೆ? ಒಂದು, ಜಿಐ ಮೇಲೆ ಪೇಂಟ್ ನಿಲ್ಲಲ್ಲ ಅಂತ. ಎರಡು, ವೆಲ್ಡಿಂಗ್ ಸರಿಯಾಗಿ ಕೂರಲ್ಲ, ಹೊಗೆ ಬರುತ್ತೆ ಅಂತ.

ಪೇಂಟಿನದು ಸಲೀಸು, ಮುಗಿಸಿಬಿಡೋಣ. ಹೊಸ ಜಿಐ ಮೇಲೆ ಸಾಮಾನ್ಯ ಎನಾಮಲ್ ಪೇಂಟ್ ಬಳಿದರೆ ಸುಲಿದು ಬರುವುದು ನಿಜ. ಪೇಂಟಿನೊಳಗಿನ ಎಣ್ಣೆ ಅಂಶ ಸತುವಿನ ಜೊತೆ ಸೇರಿ ಸೋಪಿನಂಥ ಪದರ ಆಗುತ್ತೆ, ಅದರ ಮೇಲೆ ಪೇಂಟ್ ಹಿಡಿಯಲ್ಲ. ಇದಕ್ಕೆ ಸತು ತೆಗೆಯಬೇಕಿಲ್ಲ. ಬಟ್ಟೆ ಸೋಪಿನ ಪುಡಿ ಹಾಕಿ ಜಿಡ್ಡು ಹೋಗುವ ಹಾಗೆ ತೊಳೆಯಿರಿ, ಒದ್ದೆ ಇದ್ದಾಗಲೇ ಎಮರಿ ಹಾಳೆಯಲ್ಲಿ ಹೊಳಪು ಮಾಸುವಷ್ಟು ಉಜ್ಜಿ, ಒಣಗಿದ ಮೇಲೆ ಜಿಐಗೆ ಅಂತಲೇ ಬರುವ ಪ್ರೈಮರ್ ಹಚ್ಚಿ. ಅಂಗಡಿಯಲ್ಲಿ ಎಚ್ ಪ್ರೈಮರ್ ಅಥವಾ ವಾಶ್ ಪ್ರೈಮರ್ ಅಂತ ಕೇಳಿ. ಅದರ ಮೇಲೆ ಯಾವ ಬಣ್ಣ ಬೇಕೋ ಬಳಿಯಿರಿ. ಹತ್ತು ವರ್ಷ ಬಿಸಿಲು ಮಳೆ ತಿಂದು ಮಂಕಾದ ಪೈಪಾದರೆ ಪೇಂಟ್ ಇನ್ನೂ ಚೆನ್ನಾಗಿ ಹಿಡಿಯುತ್ತೆ. ಬಣ್ಣವೇ ಹಚ್ಚದೆ ಬಿಟ್ಟರೂ ತಪ್ಪಿಲ್ಲ. ಬೂದು ಬಣ್ಣದ ಬೆಂಚು ನೋಡಲು ಅಷ್ಟೇನೂ ಕೆಟ್ಟದಾಗಿರಲ್ಲ ಅನ್ನೋದು ನನ್ನ ಅಭಿಪ್ರಾಯ, ಮನೆಯವರು ಒಪ್ಪಬೇಕಷ್ಟೆ.

ಬೆಂಕಿಯಲ್ಲಿ ಏನಾಗುತ್ತೆ

ಸತು 419 ಡಿಗ್ರಿಗೆ ಕರಗುತ್ತೆ, 907 ಡಿಗ್ರಿಗೆ ಕುದಿಯುತ್ತೆ. ಕಬ್ಬಿಣ ಕರಗಲು 1500 ಡಿಗ್ರಿ ಹತ್ತಿರ ಬೇಕು. ಲೋಹಗಳಲ್ಲಿ ಇಷ್ಟು ಬೇಗ ಆವಿಯಾಗುವುದು ಅಪರೂಪ. ರಾಜಸ್ಥಾನದ ಉದಯಪುರದ ಹತ್ತಿರ ಜಾವರ್ ಅಂತ ಊರಿದೆ, ಅಲ್ಲಿ ನೂರಾರು ವರ್ಷಗಳ ಹಿಂದೆಯೇ ಸತುವಿನ ಆವಿಯನ್ನು ತಣಿಸಿ ಇಳಿಸಿಕೊಳ್ಳುವ ಕುಲುಮೆಗಳಿದ್ದವು. ಅವರು ಮುಚ್ಚಿದ ಮಡಕೆಯಲ್ಲಿ ಮಾಡ್ತಿದ್ದದ್ದನ್ನು ನಾವು ಮುಖದ ಮುಂದೆ ಮಾಡ್ತೀವಿ.

ತೆರೆದ ಬೆಂಕಿಯಲ್ಲಿ ಸತುವಿನ ಆವಿ ಗಾಳಿ ತಾಗಿದ ಕೂಡಲೇ ಸುಟ್ಟು ಬಿಳಿ ಹೊಗೆಯಾಗುತ್ತೆ. ಅರಳೆಯ ಚೂರಿನ ಹಾಗೆ ಹಾರಾಡ್ತದಲ್ಲ, ಅದು. ಆ ಹೊಗೆಯ ಕಣ ಎಷ್ಟು ಸಣ್ಣದೆಂದರೆ ಶ್ವಾಸಕೋಶದ ತಳಕ್ಕೇ ಇಳಿಯುತ್ತೆ. ಮೂಗಿಗೆ ಕಟ್ಟಿದ ಟವೆಲ್ಲು ಅದನ್ನು ತಡೆಯಲ್ಲ, ಒದ್ದೆ ಮಾಡಿದರೂ ತಡೆಯಲ್ಲ.

ಇಷ್ಟೆಲ್ಲ ಮಾಡಿಯೂ ಪೈಪು ಶುದ್ಧವಾಗುತ್ತಾ ಅಂದರೆ ಅದೂ ಇಲ್ಲ. ಮುಳುಗಿಸಿ ತೆಗೆದಾಗ ಸತು ಮೇಲೆ ಅಂಟಿಕೊಂಡು ಸುಮ್ಮನಿರಲ್ಲ, ಕಬ್ಬಿಣದೊಳಗೆ ಬೆರೆತು ಮಿಶ್ರಲೋಹದ ಪದರಗಳಾಗಿ ಕೂತಿರುತ್ತೆ. ಸೌದೆ ಬೆಂಕಿ ಮೇಲಿನದನ್ನು ಅರ್ಧಂಬರ್ಧ ಸುಟ್ಟು, ಅಡಿಯದನ್ನು ಹಾಗೇ ಬಿಟ್ಟು, ಮೇಲೆ ಮಸಿ ಕೂರಿಸುತ್ತೆ. ಆಮೇಲೆ ನೀವು ಗ್ರೈಂಡರ್ ಹಿಡಿಯಲೇಬೇಕು. ಮೊದಲೇ ಹಿಡಿಯಬಹುದಿತ್ತಲ್ಲ?

ಹೊಗೆ ಕುಡಿದವನಿಗೆ ಆಗ ಏನೂ ಅನ್ನಿಸಲ್ಲ. ಮೋಸ ಇರುವುದೇ ಅಲ್ಲಿ. ಮಧ್ಯಾಹ್ನ ವೆಲ್ಡಿಂಗ್ ಮಾಡಿ, ಸಂಜೆ ಹಾಲು ಕರೆದು, ಊಟ ಮಾಡಿ ಮಲಗಿದ ಮೇಲೆ ಚಳಿ ಶುರುವಾಗುತ್ತೆ. ನಾಲ್ಕರಿಂದ ಹತ್ತು ಗಂಟೆ ಕಳೆದು ಜ್ವರ, ಮೈಕೈ ನೋವು, ಬಾಯಲ್ಲಿ ಲೋಹ ಚೀಪಿದ ರುಚಿ, ತಡೆಯಲಾರದ ಬಾಯಾರಿಕೆ, ಒಣಕೆಮ್ಮು. ಮನೆಯವರು ಮಲೇರಿಯಾನೋ ಡೆಂಗಿನೋ ಅಂದುಕೊಳ್ತಾರೆ. ಒಂದೆರಡು ದಿನದಲ್ಲಿ ಬಿಟ್ಟುಹೋಗುತ್ತೆ, ಹಾಗಾಗಿ ಮಧ್ಯಾಹ್ನದ ಕೆಲಸಕ್ಕೂ ರಾತ್ರಿಯ ಜ್ವರಕ್ಕೂ ಯಾರೂ ಗಂಟು ಹಾಕಲ್ಲ. ವೈದ್ಯರಲ್ಲಿ ಇದಕ್ಕೆ ಲೋಹದ ಹೊಗೆಯ ಜ್ವರ ಅಂತಲೇ ಹೆಸರಿದೆ. ಹಿತ್ತಾಳೆ ಎರಕ ಹೊಯ್ಯುವವರಿಗೆ ಬರುತ್ತಿದ್ದ ಹಳೆಯ ಕಾಯಿಲೆ ಇದು, ಹಿತ್ತಾಳೆಯಲ್ಲೂ ಸತು ಇದೆ.

"ಪೇಟೆ ವೆಲ್ಡಿಂಗ್ ಅಂಗಡೀಲಿ ದಿನಾ ಹೊಡೀತಾರೆ, ಅವರಿಗೇನೂ ಆಗಿಲ್ವಲ್ಲಣ್ಣ" ಅನ್ನೋ ಪ್ರಶ್ನೆ ಬರುತ್ತೆ. ಸರಿಯಾದ ಪ್ರಶ್ನೆ. ಇದಕ್ಕೆ ಉತ್ತರ ವಿಚಿತ್ರವಾಗಿದೆ. ದಿನವೂ ಈ ಹೊಗೆಯಲ್ಲಿ ಇರುವವರ ದೇಹ ಎರಡು ಮೂರು ದಿನದಲ್ಲಿ ಸ್ವಲ್ಪ ಒಗ್ಗಿಕೊಳ್ಳುತ್ತೆ. ಭಾನುವಾರ ರಜೆ ಹಾಕಿದರೆ ಆ ಒಗ್ಗಿಕೆ ಹೋಗುತ್ತೆ, ಸೋಮವಾರ ಕೆಲಸ ಮಾಡಿದ ರಾತ್ರಿ ಮತ್ತೆ ಜ್ವರ. ಕಾರ್ಖಾನೆಗಳಲ್ಲಿ ಇದಕ್ಕೆ ಸೋಮವಾರದ ಜ್ವರ ಅಂತಲೇ ಹೇಳ್ತಿದ್ದರು. ಈಗ ನಿಮ್ಮ ಲೆಕ್ಕ ನೋಡಿ. ನೀವು ರಾಗಿ ಕಟಾವಾದ ಮೇಲೆ ಒಂದು ದಿನ, ಹಬ್ಬಕ್ಕೆ ಮುಂಚೆ ಒಂದು ದಿನ ಮಿಷನ್ ಹಿಡಿಯುವವರು. ನಿಮಗೆ ಪ್ರತಿ ಸಲವೂ ಸೋಮವಾರವೇ. ಅಂಗಡಿಯವನಿಗೆ ಆಗದ್ದು ನಿಮಗೆ ಆಗುವುದು ಇದಕ್ಕೇ. ಇನ್ನು ಅಂಗಡಿಯವರಿಗೂ ಏನೂ ಆಗಿಲ್ಲ ಅಂತ ಹೇಳುವ ಮುಂಚೆ ಹತ್ತಿರ ನಿಂತು ಅವರ ಕೆಮ್ಮು ಕೇಳಿಸಿಕೊಳ್ಳಿ.

ಹಾಲು ಕುಡಿದರೆ, ಬೆಲ್ಲ ತಿಂದರೆ ಆಗಲ್ಲ ಅನ್ನುವವರಿದ್ದಾರೆ. ಹಾಲು ಹೊಟ್ಟೆಗೆ ಹೋಗುತ್ತೆ, ಹೊಗೆ ಹೋಗಿರುವುದು ಎದೆಗೆ. ಹಾಲು ಕುಡಿಯಿರಿ, ಬೇಡ ಅನ್ನಲ್ಲ, ಆದರೆ ಅದನ್ನು ನಂಬಿ ಹೊಗೆಗೆ ಮುಖ ಕೊಡಬೇಡಿ. ಜ್ವರ ಬಂದು ಡಾಕ್ಟರ ಹತ್ತಿರ ಹೋದರೆ "ನಿನ್ನೆ ಜಿಐ ಪೈಪ್ ವೆಲ್ಡಿಂಗ್ ಮಾಡಿದ್ದೆ" ಅಂತ ಮೊದಲು ಹೇಳಿ. ಏದುಸಿರು ಬಂದರೆ, ಎದೆ ಹಿಡಿದುಕೊಂಡರೆ, ಎರಡು ದಿನ ಕಳೆದರೂ ಜ್ವರ ಇಳಿಯದಿದ್ದರೆ ಮನೆಯಲ್ಲಿ ಕಾಯಬೇಡಿ. ರಾತ್ರಿಯಾದರೆ 108ಕ್ಕೆ ಫೋನ್ ಮಾಡಿ.

ಆಸಿಡ್ ದಾರಿ ಇನ್ನೂ ಕೆಟ್ಟದ್ದು. ಆಸಿಡ್ಡು ಸತುವನ್ನು ಕರಗಿಸುತ್ತೆ, ಅನುಮಾನ ಇಲ್ಲ. ಕರಗುವಾಗ ಏಳುವ ಗುಳ್ಳೆ ಹೈಡ್ರೋಜನ್, ಕಿಡಿ ತಾಗಿದರೆ ಹತ್ತಿಕೊಳ್ಳುತ್ತೆ. ಒಂದು ಕಡೆ ಮುಚ್ಚಿದ ಪೈಪಿನೊಳಗೆ ತುಂಬಿಕೊಂಡಿದ್ದರೆ ಕೇಳುವುದೇ ಬೇಡ. ಆಸಿಡ್ಡಿನ ಹಬೆ ಗಂಟಲು ಸುಡುತ್ತೆ, ಅದೇ ಕೋಣೆಯಲ್ಲಿಟ್ಟ ಕುಡುಗೋಲು, ಸ್ಪ್ಯಾನರ್, ಮೋಟಾರ್ ಸ್ಟಾರ್ಟರ್ ಎಲ್ಲಕ್ಕೂ ವಾರದಲ್ಲಿ ತುಕ್ಕು ಹಿಡಿಸುತ್ತೆ. ಬಕೆಟ್ಟಿನಲ್ಲಿ ಬ್ಲೀಚಿಂಗ್ ಪುಡಿಯ ಅಂಶ ಉಳಿದಿದ್ದರಂತೂ ಕ್ಲೋರಿನ್ ಅನಿಲ. ಅದು ಜೀವಕ್ಕೇ ಅಪಾಯ.

ಕೆಲಸ ಆದ ಮೇಲೆ ಉಳಿದ ಆಸಿಡ್ಡನ್ನು ಎಲ್ಲಿ ಚೆಲ್ತೀರಿ? "ತೆಂಗಿಗೆ ಹಾಕ್ತೀನಿ, ಜಿಂಕ್ ಬೆಳೆಗೆ ಒಳ್ಳೇದಲ್ವಾ" ಅನ್ನುವ ತರ್ಕ ಇದೆ. ನಮ್ಮ ಜಿಲ್ಲೆಯ ಮಣ್ಣಿಗೆ ಸತುವಿನ ಕೊರತೆ ಇರುವುದು ನಿಜ. 2009ರಲ್ಲಿ ಭೂಚೇತನ ಯೋಜನೆ ಮೊದಲು ಶುರುವಾದ ಆರು ಜಿಲ್ಲೆಗಳಲ್ಲಿ ಚಿತ್ರದುರ್ಗವೂ ಒಂದು, ಆಗ ಮಣ್ಣು ಪರೀಕ್ಷೆಯ ಮೇಲೆ ಜಿಂಕ್ ಸಲ್ಫೇಟ್ ಹಾಕಲು ಹೇಳಿದ್ದು ಹಿರಿಯರಿಗೆ ನೆನಪಿರುತ್ತೆ. ಆದರೆ ಅದು ಎಕರೆಗೆ ಇಷ್ಟು ಕೆಜಿ ಅಂತ ತೂಗಿ ಚೆಲ್ಲುವ ಗೊಬ್ಬರ. ಬಕೆಟ್ಟಿನಲ್ಲಿರುವುದು ಬೇರು ಸುಡುವ ಆಸಿಡ್ಡು, ಒಂದೇ ಬುಡಕ್ಕೆ ಸುರಿದರೆ ಆ ಗಿಡದ ಕಥೆ ಮುಗಿಯಿತು. ಈಗಾಗಲೇ ಬಕೆಟ್ ತುಂಬಿಸಿಟ್ಟಿದ್ದರೆ, ಗಾಳಿ ಆಡುವ ಕಡೆ ದೂರ ನಿಂತು ಬಟ್ಟೆ ಸೋಡಾ ಪುಡಿಯನ್ನು ಒಂದೊಂದೇ ಚಮಚ ಹಾಕುತ್ತಾ ಹೋಗಿ. ನೊರೆ ಏಳುವುದು ಪೂರ್ತಿ ನಿಂತ ಮೇಲೆ ಬಾವಿ, ಕೆರೆ, ಗಿಡಗಳಿಂದ ದೂರ ಚೆಲ್ಲಿ. ಮುಂದಿನ ಸಲ ಆಸಿಡ್ ತರಬೇಡಿ.

ನಾಲ್ಕು ಬೆರಳು ಸಾಕು

ಈಗ ವೆಲ್ಡಿಂಗ್ ವಿಷಯ. ವೆಲ್ಡಿಂಗ್ ಬೇಕೇ ಬೇಕು ಅಂದರೆ ಜೋಡಣೆ ಆಗುವ ಜಾಗದಲ್ಲಿ ಮಾತ್ರ ಸತು ತೆಗೆಯಬೇಕು. ಕೂಡುವ ಎರಡೂ ಪೈಪಿಗೆ, ಜೋಡಣೆಯಿಂದ ನಾಲ್ಕು ಬೆರಳಿನಷ್ಟು ದೂರಕ್ಕೆ. ಗ್ರೈಂಡರಿಗೆ ಫ್ಲಾಪ್ ಡಿಸ್ಕ್ ಹಾಕಿ ಹಗುರವಾಗಿ ಆಡಿಸಿ. ಕಟಿಂಗ್ ಡಿಸ್ಕಿನ ಅಂಚಲ್ಲಿ ಉಜ್ಜಬೇಡಿ, ಪೈಪಿಗೆ ಕಾಲುವೆ ಬೀಳುತ್ತೆ. ಗ್ರೈಂಡರಿನ ಗಾರ್ಡ್ ಬಿಚ್ಚಿ ಕೆಲಸ ಮಾಡುವುದು ನಮ್ಮಲ್ಲಿ ಒಂದು ಫ್ಯಾಷನ್ ಆಗಿದೆ. ಡಿಸ್ಕ್ ಒಡೆದು ಹಾರಿದಾಗ ಏನಾಗುತ್ತೆ ಅಂತ ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಿ.

ಸತು ಪೂರ್ತಿ ಹೋಯಿತು ಅಂತ ಗೊತ್ತಾಗುವುದು ಹೇಗೆ? ಕಿಡಿ ನೋಡಿ. ಸತುವನ್ನು ಉಜ್ಜುವಾಗ ಕಿಡಿ ಹಾರಲ್ಲ, ಬರೀ ಬೂದು ಪುಡಿ ಬೀಳುತ್ತೆ. ಕಬ್ಬಿಣ ಸಿಕ್ಕ ಕ್ಷಣ ಹಳದಿ ಕಿಡಿ ಶುರುವಾಗುತ್ತೆ. ಇನ್ನೂ ಖಾತ್ರಿ ಬೇಕೆಂದರೆ ಅಡಿಕೆ ಬೆಳೆಯುವವರ ಮನೆಯಲ್ಲೇ ಪರೀಕ್ಷೆಯ ಸಾಮಾನಿದೆ: ಮೈಲುತುತ್ತ. ಒಂದು ಚಿಟಿಕೆಯನ್ನು ನೀರಲ್ಲಿ ಕರಗಿಸಿ, ಉಜ್ಜಿದ ಜಾಗಕ್ಕೆ ಒಂದು ಹನಿ ಬಿಡಿ. ಸತು ಉಳಿದಿದ್ದರೆ ಕಪ್ಪಾಗುತ್ತೆ. ಬರೀ ಕಬ್ಬಿಣವಾದರೆ ತಾಮ್ರದ ಕೆಂಪು ಕೂರುತ್ತೆ. ಬೋರ್ಡೊ ದ್ರಾವಣ ಸರಿಯಾಗಿದೆಯಾ ಅಂತ ಚಾಕು ಅದ್ದಿ ನೋಡ್ತೀವಲ್ಲ, ಚಾಕುವಿಗೆ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ ಹಾಕ್ತೀವಲ್ಲ, ಅದೇ ಸಂಗತಿ ಇದು. ಪರೀಕ್ಷೆ ಆದ ಮೇಲೆ ತೊಳೆದು ಒಣಗಿಸಿಯೇ ವೆಲ್ಡಿಂಗ್ ಮಾಡಿ.

ಇಲ್ಲಿಗೆ ಮುಗಿಯಲಿಲ್ಲ. ಪೈಪಿನ ಒಳಗೂ ಸತು ಇದೆ ಅಂದೆನಲ್ಲ. ತುದಿಯ ಒಳಭಾಗವನ್ನು ಗುಂಡು ಅರದಲ್ಲಿ ಉಜ್ಜಬಹುದು. ಆದರೆ ಮಂಚದ ಉದ್ದ ಕಂಬಿಯ ನಡುವೆ ಇನ್ನೊಂದು ಪೈಪು ಬಂದು ಕೂಡುವ ಜಾಗದಲ್ಲಿ, ಆ ಕಂಬಿಯ ಒಳಗೆ ನಿಮ್ಮ ಅರ ಹೋಗಲ್ಲ. ಹೊರಗೆ ಎಷ್ಟೇ ಉಜ್ಜಿದ್ದರೂ ವೆಲ್ಡಿಂಗ್ ಶಾಖಕ್ಕೆ ಒಳಗಿನ ಸತು ಹೊಗೆಯಾಗಿ ಎರಡೂ ತುದಿಯಿಂದ ಬರುತ್ತೆ. ವಿಡಿಯೊಗಳಲ್ಲಿ ಈ ಮಾತನ್ನು ಹೇಳುವವರು ಕಡಿಮೆ. ಹಾಗಾಗಿ ಲೇಪ ತೆಗೆದಿದ್ದೀನಿ, ಇನ್ನು ಹೊಗೆ ಇಲ್ಲ ಅಂತ ಧೈರ್ಯ ಮಾಡಿಕೊಂಡು ಕೊಟ್ಟಿಗೆಯ ಮೂಲೆಯಲ್ಲಿ ಕೂರಬೇಡಿ. ಬಯಲಿಗೆ ಬನ್ನಿ. ಗಾಳಿ ನಿಮ್ಮ ಎಡದಿಂದ ಬಲಕ್ಕೋ ಬಲದಿಂದ ಎಡಕ್ಕೋ ಬೀಸುವ ಹಾಗೆ ಕೂರಿ. ಬೆನ್ನಿಗೆ ಗಾಳಿ ಇದ್ದರೆ ನಿಮ್ಮ ಮೈ ಅಡ್ಡವಾಗಿ ಹೊಗೆ ಮುಖದ ಮುಂದೆಯೇ ಸುತ್ತುತ್ತೆ. ಗಾಳಿಗೇನೂ ನಮ್ಮ ಜಿಲ್ಲೆಯಲ್ಲಿ ಬರ ಇಲ್ಲ, ಗುಡ್ಡಗಳ ಮೇಲೆ ಫ್ಯಾನ್ ನೆಟ್ಟಿರುವುದು ಸುಮ್ಮನೆ ಅಲ್ಲ. ಮುಖಕ್ಕೆ ಬಿಗಿಯಾಗಿ ಕೂರುವ ಎನ್95 ಮಾಸ್ಕ್ ಕನಿಷ್ಠ ಅಂತ ಇಟ್ಟುಕೊಳ್ಳಿ. ವೆಲ್ಡಿಂಗ್ ಹೊಗೆಗೆ ಅಂತಲೇ ಸಿಗುವ ಫಿಲ್ಟರ್ ಮಾಸ್ಕ್ ಅದಕ್ಕಿಂತ ಒಳ್ಳೆಯದು. ಕಣ್ಣಿಗೆ ಕಪ್ಪು ಗಾಜಿನ ಶೀಲ್ಡ್ ಬೇಕು ಅನ್ನುವುದನ್ನು ಬೇರೆ ಹೇಳಬೇಕಾ?

ಎರಡೂ ತುದಿ ಮುಚ್ಚಿ ವೆಲ್ಡಿಂಗ್ ಮಾಡುವ ಪೈಪಿಗೆ ಮೊದಲೇ ಒಂದು ಸಣ್ಣ ತೂತು ಕೊರೆಯಿರಿ. ಒಳಗಿನ ಗಾಳಿ ಕಾದು ಹೊರಬರಲು ದಾರಿ ಇಲ್ಲದಿದ್ದರೆ ಕರಗಿದ ಲೋಹವನ್ನೇ ಮುಖಕ್ಕೆ ಉಗುಳುತ್ತೆ. ವೆಲ್ಡಿಂಗ್ ಆದ ಜಾಗಕ್ಕೆ ಈಗ ಸತು ಇಲ್ಲ, ಬ್ರಷ್ಷಿನಲ್ಲಿ ಉಜ್ಜಿ ಜಿಂಕ್ ರಿಚ್ ಪ್ರೈಮರ್ ಎರಡು ಕೈ ಹಚ್ಚಿ. ಬೆಳ್ಳಿ ಬಣ್ಣದ ಅಲ್ಯೂಮಿನಿಯಂ ಪೇಂಟು ನೋಡಲು ಹಾಗೇ ಕಾಣುತ್ತೆ, ಆದರೆ ಅದರಲ್ಲಿ ಸತು ಇಲ್ಲ. ಡಬ್ಬದ ಮೇಲೆ ಓದಿ ತನ್ನಿ.

ಇಷ್ಟು ಓದಿದ ಮೇಲೆ ಕೆಲವರಿಗೆ ಅನ್ನಿಸಿರಬಹುದು, ಇದೆಲ್ಲ ಯಾರಿಗೆ ಬೇಕು ಅಂತ. ನನಗೂ ಹಾಗೇ ಅನ್ನಿಸುತ್ತೆ. ಅದಕ್ಕೇ ಜಿಐ ಪೈಪಿಗೆ ವೆಲ್ಡಿಂಗೇ ಬೇಡ ಅನ್ನುವುದು ನನ್ನ ವಾದ. ಬೋರ್‌ವೆಲ್ ಪೈಪಿಗೆ ಎರಡೂ ತುದಿಗೆ ಥ್ರೆಡ್ ಮೊದಲೇ ಇರುತ್ತೆ, ಸಾಕೆಟ್ಟು ಕೂಡ ಇರುತ್ತೆ. ಪ್ಲಂಬಿಂಗ್ ಅಂಗಡಿಯಲ್ಲಿ ಎಲ್ಬೋ, ಟೀ, ಯೂನಿಯನ್, ಫ್ಲಾಂಜ್, ಎಂಡ್ ಕ್ಯಾಪ್ ಎಲ್ಲ ಸಿಗುತ್ತೆ. ಬೇಕಾದ ಅಳತೆಗೆ ಪೈಪ್ ಕತ್ತರಿಸಿ ಥ್ರೆಡ್ ಹಾಕಿಕೊಡಲು ಪ್ಲಂಬರ್ ಹತ್ತಿರ ಡೈ ಸೆಟ್ ಇದೆ. ಬೆಂಚಿನ ಕಾಲಿಗೆ ಎಂಡ್ ಕ್ಯಾಪ್, ಮೇಲೆ ಫ್ಲಾಂಜ್, ಫ್ಲಾಂಜಿಗೆ ಸ್ಕ್ರೂ ಹೊಡೆದು ತೆಂಗಿನ ಹಲಗೆ. ನಾಲ್ಕು ಮೂಲೆ ಕೂಡುವ ಚೌಕಟ್ಟಾದರೆ ಒಂದು ಕಡೆ ಯೂನಿಯನ್ ಇರಲೇಬೇಕು, ಇಲ್ಲದಿದ್ದರೆ ಕೊನೆಯ ಪೈಪು ತಿರುಗಿಸಲು ಆಗಲ್ಲ. ಕರೆಂಟು ಬೇಡ, ಹೊಗೆ ಇಲ್ಲ, ಲೇಪ ತೆಗೆಯುವ ಮಾತೇ ಇಲ್ಲ. ಮನೆ ಬದಲಾಯಿಸಿದರೆ ಬಿಚ್ಚಿಕೊಂಡು ಹೋಗಬಹುದು. ಫಿಟಿಂಗಿಗೆ ದುಡ್ಡು ಹೋಗುತ್ತೆ, ಒಪ್ಪುತ್ತೇನೆ. ಅದರ ಬದಲು ಡಿಸ್ಕು, ರಾಡು, ಕರೆಂಟು ಮತ್ತು ಮಲಗಿ ಕಳೆದ ಎರಡು ದಿನದ ಕೂಲಿ ಉಳಿಯುತ್ತೆ.

ಮನೆಯೊಳಗಿನ ಮಂಚಕ್ಕೆ ಇನ್ನೊಂದು ದಾರಿ ಇದೆ. ಆರೂವರೆ ಅಡಿ ಉದ್ದ, ಮೂರಡಿ ಅಗಲ, ಒಂದೂವರೆ ಅಡಿ ಕಾಲು ಅಂದರೆ ಒಟ್ಟು 25 ಅಡಿ ಪೈಪು ಬೇಕು. ಬೋರ್‌ವೆಲ್ ಪೈಪಿನಲ್ಲಿ ಮಾಡಿದರೆ ಆ ಮಂಚ 28 ಕೆಜಿ ಹತ್ತಿರ ತೂಗುತ್ತೆ, ಅಂಗಳಕ್ಕೆ ಎತ್ತಿಡಲು ಇಬ್ಬರು ಬೇಕು. ಅದೇ ಒಂದೂವರೆ ಇಂಚಿನ, ಎರಡು ಎಂಎಂ ದಪ್ಪದ ಚೌಕ ಪೈಪಿನಲ್ಲಿ ಸುಮಾರು 18 ಕೆಜಿ ಸಾಕು. ಆ ಕಪ್ಪು ಪೈಪಿಗೆ ಸತು ಇರಲ್ಲ, ವೆಲ್ಡಿಂಗ್ ಮಾಡಲಿಕ್ಕೇ ಇರುವುದು. ಹಳೆಯ 28 ಕೆಜಿಯನ್ನು ಗುಜರಿಗೆ ಹಾಕಿ ಹೊಸ 18 ಕೆಜಿ ತಂದರೆ ಕೈಯಿಂದ ಎಷ್ಟು ಹೋಗುತ್ತೆ ಅಂತ ನಿಮ್ಮೂರಿನ ಇವತ್ತಿನ ದರ ಹಿಡಿದು ನೀವೇ ಲೆಕ್ಕ ಹಾಕಿ.

ಹಳೇ ಗೇಟಿನ ಬಣ್ಣ, ಎಳೆಗರು

ಪೈಪಿನ ಮೇಲೆ ಸತು ಅಲ್ಲದೆ ಹಳೆಯ ಪೇಂಟು ಇದ್ದರೆ ಅದು ಬೇರೆಯದೇ ಸಮಸ್ಯೆ. ಹಳೇ ಗೇಟು, ಟ್ರೈಲರಿನ ಚೌಕಟ್ಟು, ಗುಜರಿಯಿಂದ ತಂದ ಕಂಬಿಗಳಲ್ಲಿ ಸೀಸ ಬೆರೆತ ಬಣ್ಣ ಇರುವ ಸಾಧ್ಯತೆ ಹೆಚ್ಚು. ಮನೆಗೆ ಬಳಸುವ ಪೇಂಟಿನಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗ ಮೀರಬಾರದು ಅನ್ನುವ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೆ ಹಿಂದಿನದಕ್ಕೆ ಈ ಲಗಾಮು ಇರಲಿಲ್ಲ, ಕಾರ್ಖಾನೆ ಬಳಕೆಯ ಪೇಂಟುಗಳು ಈಗಲೂ ಆ ನಿಯಮದ ಹೊರಗಿವೆ.

ಅಂಥ ಬಣ್ಣವನ್ನು ಒಣಗಿದ್ದಾಗ ಗ್ರೈಂಡರಿನಲ್ಲಿ ಹಾರಿಸಿದರೆ ಪುಡಿ ಅಂಗಳಕ್ಕೆಲ್ಲ ಹರಡುತ್ತೆ. ಅಂಬೆಗಾಲಿಡುವ ಮಗು ಅದೇ ನೆಲ ಮುಟ್ಟಿ ಬಾಯಿಗೆ ಕೈ ಇಡುತ್ತೆ. ಸೀಸ ಮಗುವಿನ ಮೆದುಳಿಗೆ ಮಾಡುವ ಹಾನಿ ಆಮೇಲೆ ಸರಿಪಡಿಸುವಂಥದ್ದಲ್ಲ. ಸತುವಿನ ಜ್ವರ ಎರಡು ದಿನದ್ದು, ಇದು ಹಾಗಲ್ಲ. ದನಗಳಿಗೂ ಅಷ್ಟೆ. ಎಳೆಗರುಗಳಿಗೆ ಎದುರಿಗಿದ್ದದ್ದನ್ನು ನೆಕ್ಕುವ ಚಾಳಿ. ಸಿಪ್ಪೆ ಏಳುತ್ತಿರುವ ಹಳೇ ಬಣ್ಣದ ಕಂಬಿ ಕೊಟ್ಟಿಗೆಯಲ್ಲಿದ್ದರೆ ಮೊದಲು ಅದಕ್ಕೇ ನಾಲಿಗೆ ಹಾಕುತ್ತವೆ. ಕಣ್ಣು ಕಾಣದ ಹಾಗೆ ಗೋಡೆಗೆ ಹಾಯುವುದು, ಹಲ್ಲು ಕಡಿಯುವುದು, ಸೆಳೆತ ಬಂದು ಬೀಳುವುದು, ಇವು ದನಗಳಲ್ಲಿ ಸೀಸದ ವಿಷದ ಲಕ್ಷಣಗಳು. ಪಶುವೈದ್ಯರಿಗೆ ತೋರಿಸುವಾಗ ಕೊಟ್ಟಿಗೆಯಲ್ಲಿ ಹಳೇ ಬಣ್ಣದ ಕಬ್ಬಿಣ ಇದೆಯಾ ಅನ್ನುವುದನ್ನೂ ಹೇಳಿ.

ಹಳೇ ಬಣ್ಣ ತೆಗೆಯಲೇಬೇಕಾದರೆ ನೀರು ಹಾಕಿಕೊಂಡು ಎಮರಿಯಲ್ಲಿ ಉಜ್ಜಿ, ಕೆಳಗೆ ಟಾರ್ಪಾಲು ಹಾಸಿ, ಕೆಸರನ್ನು ಒಟ್ಟುಮಾಡಿ ಕಟ್ಟಿಡಿ. ಮಕ್ಕಳು, ದನ, ಕುಡಿಯುವ ನೀರು ಹತ್ತಿರ ಇರಬಾರದು. ಬೆಂಕಿಗೆ ಹಾಕಿದರೆ ಸೀಸ ಹೊಗೆಯಾಗಿ ನಿಮ್ಮ ಎದೆಗೇ ಬರುತ್ತೆ. ಅಂಗಡಿಯಲ್ಲಿ ಪೇಂಟ್ ರಿಮೂವರ್ ಅಂತ ಸಿಗುವ ಕೆಲವು ಡಬ್ಬಗಳಲ್ಲಿ ಮಿಥಿಲೀನ್ ಕ್ಲೋರೈಡ್ ಇರುತ್ತೆ. ಅದರ ಆವಿ ಗಾಳಿಗಿಂತ ಭಾರ, ಮುಚ್ಚಿದ ಕೋಣೆಯಲ್ಲಿ ಕೆಳಗೆ ಕೂತು ಉಸಿರು ಕಟ್ಟಿಸುತ್ತೆ. ಅಮೆರಿಕದಲ್ಲಿ ಸ್ನಾನದ ಕೋಣೆಯ ತೊಟ್ಟಿಗಳ ಬಣ್ಣ ತೆಗೆಯುತ್ತಿದ್ದ ಕೆಲಸಗಾರರು ಹೀಗೆ ಸತ್ತರು, 2019ರಲ್ಲಿ ಅಲ್ಲಿ ಅದನ್ನು ಸಾಮಾನ್ಯ ಜನರಿಗೆ ಮಾರುವುದನ್ನೇ ನಿಲ್ಲಿಸಿದರು. ಅದನ್ನು ಹಚ್ಚಿದ ಪೈಪನ್ನು ಪೂರ್ತಿ ತೊಳೆದು ಒಣಗಿಸದೆ ವೆಲ್ಡಿಂಗ್ ಮಾಡಿದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತೆ. ಡಬ್ಬದ ಮೇಲೆ ಆ ಹೆಸರು ಕಂಡರೆ ಅಂಗಡಿಯಲ್ಲೇ ಬಿಟ್ಟುಬನ್ನಿ.

ಹಳೇ ಮಿಷನ್ನಿನಿಂದ ಬಿಚ್ಚಿದ ಬಂಗಾರದ ಬಣ್ಣದ ಬೋಲ್ಟುಗಳಿಗೂ ಇದೇ ಮಾತು. ಕೆಲವಕ್ಕೆ ಕ್ಯಾಡ್ಮಿಯಂ ಲೇಪ ಇರುತ್ತೆ, ಕಣ್ಣಲ್ಲಿ ನೋಡಿ ಬೇರೆ ಮಾಡಲಾಗಲ್ಲ, ಅದರ ಹೊಗೆಗೆ ಜನ ಸತ್ತಿದ್ದಾರೆ. ನಟ್ ಹಾಕಿ ಬಿಗಿಯಿರಿ, ವೆಲ್ಡಿಂಗ್ ಬೇಡ.

ರಾಶಿಯಿಂದ ಪೈಪು ಆರಿಸುವಾಗಿನ ಒಂದು ಮಾತು ಉಳಿದಿದೆ. ಬೋರಿನಲ್ಲಿ ತಳದಲ್ಲಿದ್ದ, ಮೋಟಾರಿಗೆ ಹತ್ತಿರದ ಎರಡು ಮೂರು ಪೈಪುಗಳು ಹೆಚ್ಚು ಸವೆದಿರುತ್ತವೆ. ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ನೋಡಿ, ಗಟ್ಟಿ ಪೈಪು ಗಂಟೆಯ ಹಾಗೆ ಮೊಳಗುತ್ತೆ, ಸವೆದದ್ದು ಮಂಕಾಗಿ ಕೇಳುತ್ತೆ. ಕತ್ತರಿಸಿದ ತುದಿಯಲ್ಲಿ ದಪ್ಪ ಒಂದೇ ಸಮ ಇದೆಯಾ ನೋಡಿ. ಬಣ್ಣದ ಪಟ್ಟಿ ಉಳಿದಿದ್ದರೆ ಇನ್ನೂ ಸುಲಭ: ಹಳದಿ ಅಂದರೆ ತೆಳು, ನೀಲಿ ಮೀಡಿಯಂ, ಕೆಂಪು ದಪ್ಪ. ಥ್ರೆಡ್ ಹಾಕಿಸುವುದಾದರೆ ನೀಲಿ ಅಥವಾ ಕೆಂಪನ್ನೇ ತೆಗೆದುಕೊಳ್ಳಿ. ಹಳದಿಯ ಗೋಡೆ ಥ್ರೆಡ್ ಕೊರೆದ ಮೇಲೆ ತೀರಾ ತೆಳುವಾಗುತ್ತೆ, ಇಬ್ಬರು ಕೂತ ಬೆಂಚಿನ ಕಾಲು ಅಲ್ಲೇ ಮುರಿಯುತ್ತೆ. ಅದನ್ನು ಬಟ್ಟೆ ಒಣಹಾಕುವ ಕಂಬಿಗೆ ಇಟ್ಟುಕೊಳ್ಳಿ.